ಗೇಟಿನ ದೂರ, ಬಾಡಿಗೆಯ ಲೆಕ್ಕ

ಜೈಲರ್ ಕಾರಾಗೃಹದಲ್ಲೇ ವಾಸಿಸಬೇಕು, ಬೇರೆಡೆ ಇರಲು ಅಧೀಕ್ಷಕರ ಲಿಖಿತ ಅನುಮತಿ ಬೇಕು ಎಂದು 1894ರ ಕಾರಾಗೃಹ ಕಾಯ್ದೆಯ 16ನೇ ಕಲಂ ಹೇಳಿತು. ಅನುಮತಿಯಿಲ್ಲದೆ ಒಂದು ರಾತ್ರಿಯೂ ಹೊರಗಿರುವಂತಿಲ್ಲ ಎಂದಿತು 18ನೇ ಕಲಂ. ಈ ಕಟ್ಟುನಿಟ್ಟಿಗೆ ಕಾರಣವಿತ್ತು. ಒಳಗೆ ಗಲಾಟೆಯಾಗಿ ಗಂಟೆ ಬಾರಿಸಿದರೆ, ವಿಶ್ರಾಂತಿಯಲ್ಲಿರುವ ಸಿಬ್ಬಂದಿಯೂ ಓಡಿ ಬರಬೇಕು. ಅಂದರೆ ಇಲ್ಲಿ ವಸತಿಯೂ ಭದ್ರತೆಯ ಒಂದು ಭಾಗ.

ಮನೆ ಬಾಡಿಗೆ ಭತ್ಯೆಗೆ ಮಾತ್ರ ಈ ಕಾರಣ ಕಾಣುವುದಿಲ್ಲ. ಕರ್ನಾಟಕದಲ್ಲಿ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾದ 2024ರ ಆಗಸ್ಟ್‌ನಿಂದ ಊರಿನ ಜನಸಂಖ್ಯೆ ನೋಡಿ ಮೂಲವೇತನದ ಶೇ 20, 15 ಅಥವಾ 7.5 ಸಿಗುತ್ತದೆ. ಸಚಿವಾಲಯದ ಗುಮಾಸ್ತರಿಗೂ ಜೈಲಿನ ವಾರ್ಡರ್‌ಗೂ ಒಂದೇ ಅಳತೆ. ಹತ್ತು ಮೈಲಿ ಆಚೆ ಅಗ್ಗದ ಮನೆ ಹಿಡಿಯುವ ಸ್ವಾತಂತ್ರ್ಯ ಗುಮಾಸ್ತರಿಗಿದೆ. ನಡುರಾತ್ರಿ ಕರೆ ಬಂದರೆ ಹಾಜರಾಗಬೇಕಾದ ವಾರ್ಡರ್‌ಗೆ ಅದಿಲ್ಲ.

ಬೆಂಗಳೂರನ್ನೇ ನೋಡಿ. ಈಗ ಫ್ರೀಡಂ ಪಾರ್ಕ್ ಆಗಿರುವ ಜಾಗದಲ್ಲಿದ್ದ ಹಳೆಯ ಕೇಂದ್ರ ಕಾರಾಗೃಹ 2000ದಲ್ಲಿ ಊರಾಚೆಯ ಪರಪ್ಪನ ಅಗ್ರಹಾರಕ್ಕೆ ಹೋಯಿತು. ಪಕ್ಕದ ಎಲೆಕ್ಟ್ರಾನಿಕ್ ಸಿಟಿ ಬೆಳೆದಂತೆ ಊರೇ ಜೈಲಿನ ಸುತ್ತ ಬಂದು ನಿಂತಿತು. 30,000 ರೂಪಾಯಿ ಮೂಲವೇತನದವರಿಗೆ ಶೇ 20ರಂತೆ ಬರುವುದು 6,000. ಸಾಫ್ಟ್‌ವೇರ್ ಸಂಬಳದವರು ಬಾಡಿಗೆ ಏರಿಸಿರುವ ಬಡಾವಣೆಯಲ್ಲಿ ಆ ಹಣಕ್ಕೆ ಸಂಸಾರ ಹೂಡುವಂಥ ಮನೆ ಸಿಗುವುದು ಕಷ್ಟ. ಸಿಬ್ಬಂದಿ ದೂರ ಸರಿದಷ್ಟೂ ಗೇಟಿಗೆ ಬರುವ ಹೊತ್ತು ಹೆಚ್ಚುತ್ತದೆ.

ಸಣ್ಣ ಊರುಗಳಲ್ಲಿ ಬಾಡಿಗೆ ಕಡಿಮೆ, ಶೇ 7.5 ಕೆಲವೆಡೆ ಸಾಕಾದೀತು. ಭತ್ಯೆಗೆ ತನ್ನದೇ ಗುಣವೂ ಇದೆ: ಮಕ್ಕಳ ಶಾಲೆ, ಹೆಂಡತಿ ಅಥವಾ ಗಂಡನ ನೌಕರಿ ನೋಡಿಕೊಂಡು ಮನೆ ಆರಿಸಬಹುದು. ಜೈಲಿಗೆ ಹೊಂದಿಕೊಂಡ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದರೆ ಭತ್ಯೆ ನಿಲ್ಲುತ್ತದೆ, ಇಡೀ ಸಂಸಾರ ಜೈಲಿನ ಗೋಡೆಯ ನೆರಳಲ್ಲೇ ದಿನ ಕಳೆಯುತ್ತದೆ, ನಿವೃತ್ತಿಯ ಬೆನ್ನಿಗೇ ಮನೆ ಬಿಡಬೇಕಾಗುತ್ತದೆ. ಆದರೂ ಕ್ವಾರ್ಟರ್ಸ್‌ನ ಬೆಲೆ ದೊಡ್ಡದು. ನಿನ್ನೆ ಬಿಡುಗಡೆಯಾದವನು ಇಂದು ಬೀದಿಯಲ್ಲಿ ಎದುರಾಗಬಹುದೆಂಬ ಅಳುಕಿಲ್ಲದೆ ಮನೆಮಂದಿ ಅಲ್ಲಿ ಮಲಗಬಹುದು.

ಹಾಗಾಗಿ ಶೇಕಡಾವಾರು ಒಂದಿಷ್ಟು ಏರಿಸಿದರೆ ಸಾಲದು, ಅಳತೆಗೋಲೇ ಬದಲಾಗಬೇಕು. ಕ್ವಾರ್ಟರ್ಸ್ ಕೊಡಲಾಗದ ಕಡೆ ಗೇಟಿನ ಸುತ್ತಲಿನ ನಿಜವಾದ ಬಾಡಿಗೆ ನೋಡಿ ಭತ್ಯೆ ನಿಗದಿಯಾಗಲಿ, ಇಲ್ಲವೇ ಇಲಾಖೆಯೇ ಹತ್ತಿರದ ಮನೆಗಳನ್ನು ಬಾಡಿಗೆಗೆ ಹಿಡಿದು ಹಂಚಲಿ. ವರ್ಗಾವಣೆಯಾಗಿ ಮನೆಯವರನ್ನು ಬೇರೆ ಊರಲ್ಲಿ ಬಿಟ್ಟು ಬಂದವರ ಎರಡು ಮನೆಗಳ ಖರ್ಚೂ ಲೆಕ್ಕಕ್ಕೆ ಬರಲಿ. ಕರೆದಾಗ ಬರಬೇಕೆಂದು ಕೇಳುವ ಸರ್ಕಾರ, ಕರೆ ಕೇಳಿಸುವಷ್ಟು ಹತ್ತಿರದಲ್ಲಿ ಸೂರು ಕೊಡುವ ಹೊಣೆಯನ್ನೂ ಹೊರಬೇಕು.