ನೇರಳೆ ಬೋಗಿಗೆ ಚಿನ್ನದ ಅಕ್ಷರ

ಬಹ್ರೇನ್‌ನಲ್ಲಿ ರೈಲಿಲ್ಲ. ಬೇಕೆಂದವರು ಮನೆಯೊಳಗೇ ಪುಟ್ಟ ಮಾದರಿ ರೈಲಿಗೆ ಹಳಿ ಹಾಕಿಕೊಳ್ಳಬೇಕು. ಹಾಕಿದವನು ಕನ್ನಡಿಗನಾದರೆ ಅದರ ಮೇಲೆ ‘ಸುವರ್ಣ ರಥ’ ಓಡಬೇಕೆಂಬ ಆಸೆ ಹುಟ್ಟದೇ ಇರದು. 2008ರಲ್ಲಿ ಓಡಾಟ ಶುರುಮಾಡಿದ ಆ ಐಷಾರಾಮಿ ರೈಲಿನ ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ರಾಜವಂಶಗಳ ಹೆಸರು. ಮೈಯೆಲ್ಲ ನೇರಳೆ, ಅಲಂಕಾರಕ್ಕೆ ಚಿನ್ನ. ಮಾದರಿಯ ಮೇಲೆ ಡಿಕಾಲ್, ಅಂದರೆ ತೆಳು ಹಾಳೆಯಿಂದ ವರ್ಗಾಯಿಸುವ ಅಕ್ಷರ-ಅಲಂಕಾರ, ಅಂಟಿಸುವವನಿಗೆ ಇದಕ್ಕಿಂತ ಹಟಮಾರಿ ಜೋಡಿ ಬೇರಿಲ್ಲ.

ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಇರುವ ಶಾಯಿಗಳೂ ಪಾರದರ್ಶಕ. ಕಾಗದದ ಮೇಲೆ ಝಗ್ಗೆಂದ ಹಳದಿ, ನೇರಳೆ ಬೋಗಿಗೆ ಅಂಟಿದೊಡನೆ ಕೆಸರು. ಅದಕ್ಕೇ ಕೆಲವರು ಬಿಳಿ ಡಿಕಾಲ್ ಹಾಳೆ ತಂದು, ಅಕ್ಷರದ ಸುತ್ತ ನೇರಳೆಯನ್ನೂ ಮುದ್ರಿಸಿ, ಬೋಗಿಯ ಬಣ್ಣಕ್ಕೆ ಹೊಂದಿಸಲು ಕೂರುತ್ತಾರೆ. ನನ್ನ ಪ್ರಕಾರ ಅದು ಸೋಲುವ ಆಟ. ಡಬ್ಬಿ ಬಣ್ಣದ ವರ್ಣದ್ರವ್ಯ ಬೇರೆ, ಶಾಯಿಯದು ಬೇರೆ. ಮನಾಮದ ಮಧ್ಯಾಹ್ನದ ಬೆಳಕಿನಲ್ಲಿ ಒಂದೇ ಎನ್ನಿಸಿದವು ರಾತ್ರಿ ಎಲ್‌ಇಡಿ ಕೆಳಗೆ ಒಂದು ಕೆಂಪಿಗೂ ಇನ್ನೊಂದು ನೀಲಿಗೂ ವಾಲುತ್ತವೆ.

ಬೋಗಿಯ ಮೇಲಿನ ಪಟ್ಟಿಗಳಿಗಾದರೆ ಶಾಯಿಯೇ ಬೇಡ. ಬೋಗಿಗೆ ಹೊಡೆದ ಡಬ್ಬಿಯದೇ ಬಣ್ಣವನ್ನು ಖಾಲಿ ಡಿಕಾಲ್ ಹಾಳೆಗೂ ಏರ್‌ಬ್ರಷ್‌ನಿಂದ ಹೊಡೆದು, ಒಣಗಿದ ಮೇಲೆ ಹರಿತವಾದ ಬ್ಲೇಡಿನಲ್ಲಿ ಕತ್ತರಿಸಿ. ಚಿನ್ನಕ್ಕೂ ಇದೇ ದಾರಿ. ಪ್ರಿಂಟರ್ ಕೊಡುವ ‘ಚಿನ್ನ’ ಬರೀ ಸಾಸಿವೆ ಬಣ್ಣ. ಮಿನುಗು ಬೇಕಾದರೆ ಮೆಟಾಲಿಕ್ ಬಣ್ಣವೇ ಆಗಬೇಕು.

ಅಕ್ಷರಗಳಿಗೆ ಮಾತ್ರ ಈ ಉಪಾಯ ಸಾಲದು. 21.3 ಮೀಟರಿನ ಬೋಗಿ 1:87 ಅಳತೆಯಲ್ಲಿ ಸುಮಾರು 24.5 ಸೆಂ.ಮೀ.; ಅದರ ಮೇಲಿನ ‘ಹೊಯ್ಸಳ’ವನ್ನು ಬ್ಲೇಡಿನಲ್ಲಿ ಕೊರೆಯುವ ಕೈ ನನಗಂತೂ ಇಲ್ಲ. ಅಡಿಗೆ ಬಿಳಿ, ಮೇಲೆ ಚಿನ್ನ ಮುದ್ರಿಸುವ ಯಂತ್ರವಿರುವವರಲ್ಲಿ ಮಾಡಿಸಬೇಕು. ಅವರಿಗೆ ಫೋಟೊ ಕಳಿಸಿ ಪ್ರಯೋಜನವಿಲ್ಲ, ಬಣ್ಣ ಹೊಡೆದ ಪ್ಲಾಸ್ಟಿಕ್ ಚೂರನ್ನೇ ಕಳಿಸಿ. ಬಂದ ಮಾದರಿಯನ್ನು ಆ ಚೂರಿಗೆ ಅಂಟಿಸಿ, ವಾರ್ನಿಷ್ ಹೊಡೆದ ಮೇಲಷ್ಟೇ ತೀರ್ಮಾನ, ಏಕೆಂದರೆ ವಾರ್ನಿಷ್ ಬಣ್ಣವನ್ನು ಗಾಢಮಾಡುತ್ತದೆ. ನೋಡುವುದೂ ರೈಲು ಓಡುವ ಕೋಣೆಯ ದೀಪದಲ್ಲೇ.

ಇನ್ನು ಇಲ್ಲಿನ ಆಗಸ್ಟ್. ಕಡಲ ತೇವ ತುಂಬಿದ ಗಾಳಿಯಲ್ಲಿ ಲ್ಯಾಕರ್ ಹೊಡೆದರೆ ಹಾಲಿನಂತೆ ಮಬ್ಬು ಕಟ್ಟುತ್ತದೆ. ಬಾಲ್ಕನಿ ಬಿಟ್ಟು, ಎಸಿ ಹಾಕಿ ತೇವ ಇಳಿದ ಕೋಣೆಯಲ್ಲಿ, ಹೊಗೆ ಹೊರಗೆಳೆಯುವ ಫ್ಯಾನ್ ಇಟ್ಟುಕೊಂಡು ಹೊಡೆಯಿರಿ. ಕೆನೆಬಣ್ಣದ ಬೋಗಿಯಾದರೆ ಆ ಮಬ್ಬು ಹೇಗೋ ಅಡಗೀತು, ನೇರಳೆಯಲ್ಲಿ ಅಡಗುವುದಿಲ್ಲ.