ಎಲ್ಲದಕ್ಕೂ ‘ಗಡೀಪಾರು’ ಸಲ್ಲದು

ಡಿಪೋರ್ಟೇಶನ್ನಿಗೆ ಕನ್ನಡದಲ್ಲಿ ‘ಗಡೀಪಾರು’ ಎಂಬ ಸಿದ್ಧ ಪದವಿರುವಾಗ ಇನ್ನೊಂದು ಯಾಕೆ ಎಂಬುದು ಸುದ್ದಿಮನೆಗಳ, ಓದುಗರ ನಂಬಿಕೆ. ನಾನು ಇದನ್ನು ಒಪ್ಪುವುದಿಲ್ಲ.

1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಮಿನಡಿ ರೌಡಿಶೀಟರ್‌ನನ್ನು ಜಿಲ್ಲೆಯಿಂದಾಚೆ ಕಳಿಸಿದರೆ ಗಡೀಪಾರು. ವಿಜಯ್ ಮಲ್ಯರನ್ನು ಭಾರತಕ್ಕೆ ಒಪ್ಪಿಸುವ ಮೊಕದ್ದಮೆ ಲಂಡನ್ನಿನಲ್ಲಿ ನಡೆದಾಗಲೂ ಗಡೀಪಾರು. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿದಾಗಲೂ ಅದೇ ಪದ. ಮೊದಲನೆಯವನು ಈ ನೆಲದ ಪ್ರಜೆ. ಮುಂದೆ ಗಲಭೆ ಆಗದಿರಲೆಂದು ಅವನನ್ನು ದೂರ ಇಡುತ್ತಾರೆ. ಎರಡನೆಯದು ಆರೋಪಿಯನ್ನು ಕೇಳಿದ ದೇಶಕ್ಕೆ ಒಪ್ಪಿಸುವುದು. ಅದಕ್ಕೆ ‘ಹಸ್ತಾಂತರ’ ಎಂಬ ಮಾತಿದೆ. ಮೂರನೆಯವರನ್ನು ಯಾವ ದೇಶವೂ ವಿಚಾರಣೆಗೆ ಕೇಳಿರಲಿಲ್ಲ. ಇಲ್ಲಿರಲು ನಿಮಗೆ ಪರವಾನಗಿಯಿಲ್ಲ ಎಂದು ಹೊರಗೆ ಕಳಿಸಿದರು.

ಕಾನೂನು ಮುರಿದವರಿಗೆ ಯಾವ ಪದವಾದರೇನು ಎನ್ನುವವರಿದ್ದಾರೆ. ಹೀಗೆ ಹೊರಗೆ ಕಳಿಸುವುದು ಅಪರಾಧಕ್ಕೆ ಕೊಡುವ ಶಿಕ್ಷೆಯಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1893ರಲ್ಲೇ, ಫಾಂಗ್ ಯೂ ಟಿಂಗ್ ಪ್ರಕರಣದಲ್ಲಿ ಹೇಳಿದೆ. ಶಿಕ್ಷೆಯಲ್ಲವಾದ್ದರಿಂದಲೇ ಅಲ್ಲಿ ಇಂಥವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿಲ್ಲ. ಆರೋಪಿಗೆ ಸಿಗುವ ಆಸರೆ ಇವರಿಗೆ ಸಿಗಲಿಲ್ಲ, ಕೈಕೋಳ ಮತ್ತು ಕಾಲಿನ ಸರಪಳಿ ಮಾತ್ರ ಸಿಕ್ಕವು. ಅದರ ಮೇಲೆ ನಮ್ಮ ಪದ ರೌಡಿಯ ಹಣೆಪಟ್ಟಿಯನ್ನೂ ಹಚ್ಚಿತು.

ಕುಂದಾಪುರದ ಕಡೆಯ ಒಂದು ಮದುವೆಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಗಲ್ಫಿನಲ್ಲಿ ಧಣಿ ಪಾಸ್‌ಪೋರ್ಟ್ ಇಟ್ಟುಕೊಂಡು ವೀಸಾ ನವೀಕರಿಸದೆ ಬಿಟ್ಟಿದ್ದರಿಂದ ಔಟ್‌ಪಾಸ್‌ನಲ್ಲಿ (ಪಾಸ್‌ಪೋರ್ಟ್ ಬದಲಿನ ತುರ್ತು ಪ್ರಯಾಣಪತ್ರದಲ್ಲಿ) ಊರಿಗೆ ಬಂದಿದ್ದ ಹುಡುಗ ಪಂಕ್ತಿಯಲ್ಲಿ ಬಡಿಸುತ್ತಿದ್ದ. “ಅವನನ್ನು ಗಡೀಪಾರು ಮಾಡಿದ್ರಂತೆ” ಎಂದರು ಒಬ್ಬರು. “ಹೌದಾ? ಎಂತ ಕೇಸು ಮಾರಾಯ?” ಎಂದು ಪಕ್ಕದವರು ದನಿ ತಗ್ಗಿಸಿದರು. ಸಾರಿನ ಸೌಟು ಹಿಡಿದವನಿಗೆ ಅದು ಕೇಳಿಸಿತ್ತು. ಆ ಸಾಲಿಗೆ ಅವನು ಮತ್ತೆ ಬರಲಿಲ್ಲ.

‘ವಾಪಸಾತಿ’ ಎಂಬ ಮೆತ್ತನೆಯ ಮಾತೂ ನನಗೆ ಬೇಡ. ಅದು ಕೋಳವನ್ನು ಮುಚ್ಚಿಡುತ್ತದೆ, ಅವರೇ ಇಷ್ಟಪಟ್ಟು ಬಂದಂತೆ ತೋರಿಸುತ್ತದೆ. ‘ದೇಶದಿಂದ ಹೊರಹಾಕಿದರು’ ಎನ್ನೋಣ. ಗಡೀಪಾರು ಎಂದಾಗ ಜನ ‘ಏನು ಮಾಡಿದ?’ ಎನ್ನುತ್ತಾರೆ. ಹೊರಹಾಕಿದರು ಎಂದಾಗ ‘ಯಾರು, ಯಾಕೆ?’ ಎನ್ನುತ್ತಾರೆ. ಆ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ಆ ಹುಡುಗನ ಬಳಿ ಉತ್ತರವಿತ್ತು.