ತಂತಿಯ ಒಡೆತನವೂ ಜಾಲದ ಇತಿಹಾಸವೂ

ಇಂಟರ್ನೆಟ್ಟಿನ ಹುಟ್ಟನ್ನು ಕುರಿತು ಇಂಗ್ಲಿಷಿನಲ್ಲಿ ಬಂದಿರುವ ಗ್ರಂಥಗಳಲ್ಲಿ ಎರಡು ವಿಶೇಷವಾಗಿ ಗಮನಾರ್ಹವಾದವು. ಮೊದಲನೆಯದು ಕೇಟೀ ಹಾಫ್ನರ್ ಮತ್ತು ಮ್ಯಾಥ್ಯೂ ಲೈಯನ್ ಅವರು 1996ರಲ್ಲಿ ಪ್ರಕಟಿಸಿದ 'ವೇರ್ ವಿಜರ್ಡ್ಸ್ ಸ್ಟೇ ಅಪ್ ಲೇಟ್'. ಎರಡನೆಯದು ಜ್ಯಾನೆಟ್ ಅಬ್ಬಾಟೆಯವರ 'ಇನ್ವೆಂಟಿಂಗ್ ದಿ ಇಂಟರ್ನೆಟ್' (1999). ಮೊದಲನೆಯದು ಕಥನರೂಪದ ಗ್ರಂಥ. ಸರಸವಾಗಿ ಓದಿಸಿಕೊಂಡು ಹೋಗುತ್ತದೆ. ಎರಡನೆಯದು ಪಾಂಡಿತ್ಯಪೂರ್ಣವಾದುದು; ಜಾಲವನ್ನು ರೂಪಿಸಿದವರು ಅದನ್ನು ನಿರ್ಮಿಸಿದ ತಜ್ಞರು ಮಾತ್ರವಲ್ಲ, ಬಳಸಿದವರೂ ಹೌದೆಂಬುದನ್ನು ಅದು ಚೆನ್ನಾಗಿ ಪ್ರತಿಪಾದಿಸುತ್ತದೆ. ಸಂದೇಶವನ್ನು ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಒಡೆದು ಕಳುಹಿಸುವ ವಿಚಾರ ಅಮೆರಿಕದಲ್ಲಿ ಪಾಲ್ ಬ್ಯಾರನ್ ಅವರಿಗೂ ಇಂಗ್ಲೆಂಡಿನಲ್ಲಿ ಡೊನಾಲ್ಡ್ ಡೇವೀಸ್ ಅವರಿಗೂ ಸ್ವತಂತ್ರವಾಗಿ ಹೊಳೆದುದು, 1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಆರ್ಪಾನೆಟ್ ಸ್ಥಾಪಿತವಾದುದು, ಇವೇ ಮೊದಲಾದ ಸಂಗತಿಗಳು ಈ ಗ್ರಂಥಗಳಲ್ಲಿ ಸಮರ್ಪಕವಾಗಿ ನಿರೂಪಿತವಾಗಿವೆ. ಇವುಗಳ ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ.

ನಮ್ಮ ಆಕ್ಷೇಪ ಬೇರೊಂದು ಕಡೆ ಇದೆ. ಪ್ಯಾಕೆಟ್ಟುಗಳು ಯಾವ ತಂತಿಯ ಮೇಲೆ ಹೋದವು, ಆ ತಂತಿ ಯಾರದು, ಅದಕ್ಕೆ ಯಾರು ಯಾವ ಷರತ್ತಿನ ಮೇಲೆ ಎಷ್ಟು ಬಾಡಿಗೆ ತೆತ್ತರು ಎಂಬ ಪ್ರಶ್ನೆಗೆ ಈ ಬಗೆಯ ಇತಿಹಾಸಗಳಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲ. ತಂತಿಯ ಉಲ್ಲೇಖವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಬ್ಯಾರನ್ನರ ಸಲಹೆಯನ್ನು ದೂರವಾಣಿ ಕಂಪನಿಯವರು ತಳ್ಳಿಹಾಕಿದ ಸಂಗತಿಯನ್ನು ಹಾಫ್ನರ್ ಮತ್ತು ಲೈಯನ್ ಸ್ವಾರಸ್ಯವಾಗಿ ಹೇಳಿದ್ದಾರೆ. ಎಕ್ಸ್.25 ಎಂಬ ನಿಯಮಾವಳಿಯ ವಿಷಯವಾಗಿ 1970ರ ದಶಕದಲ್ಲಿ ದೂರವಾಣಿ ಆಡಳಿತಗಳಿಗೂ ಗಣಕತಜ್ಞರಿಗೂ ನಡೆದ ವಿವಾದವನ್ನು ಅಬ್ಬಾಟೆಯವರು ಪರಿಶೀಲಿಸಿದ್ದಾರೆ. ಆದರೆ ಅಲ್ಲಿಯೂ ಚರ್ಚೆಯ ಭಾರವೆಲ್ಲ ನಿಯಮಾವಳಿಯ ಮೇಲೆ ಬೀಳುತ್ತದೆ. ತಂತಿಯು ಮೊದಲಿನಿಂದಲೂ ಇದ್ದೇ ಇರುವ ವಸ್ತುವಿನಂತೆ ಹಿನ್ನೆಲೆಯಲ್ಲಿ ಉಳಿದುಬಿಡುತ್ತದೆ. ವಿಜಯನಗರ ಕಾಲದ ವ್ಯಾಪಾರವನ್ನು ಕುರಿತು ಬರೆಯುವವರು ಸುಂಕದ ಶಾಸನಗಳನ್ನು ಬದಿಗಿಟ್ಟು ವರ್ತಕರ ಸಾಹಸವನ್ನು ಮಾತ್ರ ಬರೆದರೆ ನಾವು ಅದನ್ನು ಪೂರ್ಣ ಇತಿಹಾಸವೆಂದು ಒಪ್ಪುವುದಿಲ್ಲ. ಜಾಲದ ಇತಿಹಾಸಕ್ಕೂ ಇದೇ ಅಳತೆಗೋಲು ಅನ್ವಯಿಸಬೇಕು.

ಮೊದಲು ಲೀಸ್ಡ್ ಲೈನ್ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಸಾಮಾನ್ಯ ದೂರವಾಣಿ ಕರೆಯಲ್ಲಿ ಹಿಂದೆ ನಾವು ಮಾತನಾಡಿದಷ್ಟು ಹೊತ್ತಿಗೆ, ದೂರವನ್ನನುಸರಿಸಿ, ಹಣ ಕೊಡುತ್ತಿದ್ದೆವು. ಕರೆ ಮುಗಿದೊಡನೆ ಆ ಮಾರ್ಗ ಇನ್ನೊಬ್ಬರಿಗೆ ಸಲ್ಲುತ್ತದೆ. ಲೀಸ್ಡ್ ಲೈನಿನಲ್ಲಾದರೋ ಎರಡು ಸ್ಥಳಗಳ ನಡುವಿನ ಮಾರ್ಗವೊಂದನ್ನು ಹಗಲಿರುಳೂ ಒಬ್ಬನೇ ಗ್ರಾಹಕನಿಗೆ ಮೀಸಲಾಗಿಡುತ್ತಾರೆ. ಬಾಡಿಗೆ ನಿರ್ಧಾರವಾಗುವುದು ದೂರ ಮತ್ತು ಸಾಮರ್ಥ್ಯಗಳಿಂದ. ಬಳಸಿದ ಪ್ರಮಾಣದಿಂದ ಅಲ್ಲ. ನಮ್ಮ ಭೂಹಿಡುವಳಿಯ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಪಾಲಿನ ಸಾಗುವಳಿಯನ್ನು ಹೋಲುತ್ತದೆ, ಎರಡನೆಯದು ಗೇಣಿಯನ್ನು. ಗೊತ್ತಾದ ಗೇಣಿಯನ್ನು ಕೊಟ್ಟ ಒಕ್ಕಲು ಒಂದು ಬೆಳೆ ತೆಗೆದರೂ ಮೂರು ಬೆಳೆ ತೆಗೆದರೂ ಒಡೆಯನಿಗೆ ಸಲ್ಲುವುದು ಅಷ್ಟೇ. ಆದುದರಿಂದ ಹಿಡಿದ ನೆಲದಿಂದ ಹೆಚ್ಚು ಫಲ ಪಡೆಯುವ ಉಪಾಯಗಳನ್ನು ಒಕ್ಕಲು ಹುಡುಕುವುದು ಸಹಜ. ಗಣಕಜಾಲದ ವಿಷಯದಲ್ಲಿ ಆದುದೂ ಇದೇ ಎಂಬುದು ನಮ್ಮ ವಾದ.

ಆರ್ಪಾನೆಟ್ಟಿನ ಮೊದಲ ಮಾರ್ಗಗಳು ಎ.ಟಿ. ಅಂಡ್ ಟಿ. ಕಂಪನಿಯಿಂದ ಬಾಡಿಗೆಗೆ ಪಡೆದವು. ಸೆಕೆಂಡಿಗೆ 50 ಕಿಲೋಬಿಟ್ ಸಾಗಿಸುತ್ತಿದ್ದ ಅಂಥ ಒಂದೊಂದು ಮಾರ್ಗವೂ 12 ದೂರವಾಣಿ ಸಂಭಾಷಣೆಗಳಿಗೆ ಸಾಲುವ ಅಗಲವನ್ನು ಆಕ್ರಮಿಸುತ್ತಿತ್ತು. ಇಷ್ಟು ದುಬಾರಿಯಾದ ಮಾರ್ಗವನ್ನು ಒಂದು ಗಣಕಯಂತ್ರ ಸುಮ್ಮನೆ ಹಿಡಿದು ಕುಳಿತಿರುವುದು ನಷ್ಟ. ಗಣಕಯಂತ್ರದ ಮಾತು ಮನುಷ್ಯರ ಮಾತಿನಂತೆ ಎಡೆಬಿಡದೆ ಹರಿಯುವುದಿಲ್ಲ. ಒಮ್ಮೆಗೇ ನುಗ್ಗಿ ಬಂದು ಬಹಳ ಹೊತ್ತು ಮೌನವಾಗುತ್ತದೆ. ಆ ಮೌನದ ಅವಧಿಯಲ್ಲಿ ಇತರರ ಸಂದೇಶಗಳನ್ನು ಅದೇ ತಂತಿಯಲ್ಲಿ ಸೇರಿಸಿ ಕಳುಹಿಸುವ ವಿಧಾನವೇ ಪ್ಯಾಕೆಟ್ ಪದ್ಧತಿ. ಬ್ಯಾರನ್ನರು ಶತ್ರುವಿನ ದಾಳಿಯನ್ನು ತಡೆದು ಉಳಿಯಬಲ್ಲ ಜಾಲವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂಬುದು ನಿಜ. ಆದರೆ ಆಚರಣೆಗೆ ಬಂದ ಆರ್ಪಾನೆಟ್ಟಿನಲ್ಲಿ ಈ ಪದ್ಧತಿಯು ಒಂದು ಗೇಣಿಯನ್ನು ಹಲವರು ಹಂಚಿಕೊಳ್ಳುವ ಏರ್ಪಾಡೂ ಆಗಿತ್ತು. ಹೀಗೆ ನೋಡಿದಾಗ ಬಾಡಿಗೆಯ ಸ್ವರೂಪವು ಆವಿಷ್ಕಾರದ ಹಿನ್ನೆಲೆ ಮಾತ್ರವಲ್ಲ, ಅದರ ಕಾರಣಗಳಲ್ಲಿ ಒಂದೆಂದು ತಿಳಿಯುತ್ತದೆ.

ಇನ್ನು ಹೆಚ್ಚಿನ ವೇಗದ ಅಂಕೀಯ ಮಾರ್ಗದ ವಿಷಯ. ಟಿ-1 ಎಂದು ಹೆಸರಾದ ಈ ಮಾರ್ಗವನ್ನು ಬೆಲ್ ಸಂಸ್ಥೆಯವರು 1962ರಲ್ಲಿ ಷಿಕಾಗೋ ಪ್ರದೇಶದಲ್ಲಿ ಮೊದಲು ಬಳಕೆಗೆ ತಂದರು. ಇದರ ಮೂಲತತ್ತ್ವ, ಎಂದರೆ ಧ್ವನಿಯನ್ನು ಅಂಕಗಳಾಗಿ ಪರಿವರ್ತಿಸುವ ವಿಚಾರ, ಅದಕ್ಕಿಂತ ಹಳೆಯದು. 1930ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿದ್ದ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸ್ ಅದನ್ನು ಕಂಡುಹಿಡಿದಿದ್ದರು. ಟ್ರಾನ್ಸಿಸ್ಟರ್ ಬಂದ ಮೇಲೆಯೇ ಅದು ವ್ಯವಹಾರಸಾಧ್ಯವಾಯಿತು. ಟಿ-1 ಮಾರ್ಗದಲ್ಲಿ ಪ್ರತಿ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಗೂ 8 ಬಿಟ್ಟುಗಳನ್ನು ಕೊಡುತ್ತಾರೆ. ಇಂಥ 24 ಧ್ವನಿಗಳನ್ನು ಸಾಲಾಗಿ ಜೋಡಿಸಿದರೆ 192 ಬಿಟ್. ಸಾಲಿನ ಆರಂಭವನ್ನು ಗುರುತಿಸಲು ಒಂದು ಬಿಟ್ ಸೇರಿ 193. ಇದನ್ನು 8,000ದಿಂದ ಗುಣಿಸಿದಾಗ ಸೆಕೆಂಡಿಗೆ 15,44,000 ಬಿಟ್ ಬರುತ್ತದೆ. ಎರಡು ಜೊತೆ ತಾಮ್ರದ ತಂತಿಗಳಲ್ಲಿ 24 ಸಂಭಾಷಣೆಗಳು ಸಾಗುತ್ತಿದ್ದುದರಿಂದ, ನಗರಗಳ ನೆಲದಡಿಯ ಕೊಳವೆಗಳಲ್ಲಿ ಹೊಸ ಕೇಬಲ್ ಹಾಕಲು ಜಾಗವಿಲ್ಲದ ಕಷ್ಟ ಪರಿಹಾರವಾಯಿತು. ಸಂಕೇತವನ್ನು ಮತ್ತೆ ಬಲಪಡಿಸುವ ರಿಪೀಟರುಗಳನ್ನು ಸುಮಾರು 6,000 ಅಡಿಗೊಂದರಂತೆ ಇಟ್ಟರು. ಹಳೆಯ ದೂರವಾಣಿ ಕೇಬಲ್ಲಿನ ಲೋಡಿಂಗ್ ಸುರುಳಿಗಳಿಗಾಗಿ ಅದೇ ಅಂತರದಲ್ಲಿ ಮ್ಯಾನ್‌ಹೋಲುಗಳು ಮೊದಲೇ ಇದ್ದುದು ಇದಕ್ಕೆ ಕಾರಣ.

ಈ ವಿವರಗಳನ್ನು ಕೊಟ್ಟುದು ತಾಂತ್ರಿಕ ಕುತೂಹಲಕ್ಕಾಗಿ ಅಲ್ಲ. ಗಣಕಯಂತ್ರದ ದತ್ತಾಂಶಕ್ಕಾಗಿ ಯಾರೂ ಈ ಮಾರ್ಗವನ್ನು ನಿರ್ಮಿಸಲಿಲ್ಲವೆಂಬುದು ಇವುಗಳಿಂದ ಸಿದ್ಧವಾಗುತ್ತದೆ. ಅದರ ವೇಗ ಮನುಷ್ಯರ ಧ್ವನಿಯ ಲೆಕ್ಕದಿಂದ ಬಂದುದು. ರಿಪೀಟರುಗಳ ಅಂತರ ಹಳೆಯ ಮ್ಯಾನ್‌ಹೋಲುಗಳಿಂದ ಬಂದುದು. ಯೂರೋಪಿನವರು ಇದೇ ತತ್ತ್ವದ ಮೇಲೆ 64 ಕಿಲೋಬಿಟ್ಟಿನ 32 ಭಾಗಗಳುಳ್ಳ, ಸೆಕೆಂಡಿಗೆ 2.048 ಮೆಗಾಬಿಟ್ ವೇಗದ ಇ-1 ಮಾರ್ಗವನ್ನು ರೂಪಿಸಿಕೊಂಡರು. ಭಾರತದಲ್ಲಿ ರೂಢಿಗೆ ಬಂದುದೂ ಅದೇ. ಮುಂದೆ ಕಚೇರಿಗಳೂ ವಿದ್ಯಾಸಂಸ್ಥೆಗಳೂ ದತ್ತಾಂಶಕ್ಕಾಗಿ ಮಾರ್ಗಗಳನ್ನು ಪಡೆದಾಗ ಅವು 64 ಕಿಲೋಬಿಟ್ ಮತ್ತು ಅದರ ಗುಣಕಗಳಲ್ಲಿ ದೊರೆತುದಕ್ಕೆ ಕಾರಣ ಒಂದು ಧ್ವನಿಗೆ ಅಷ್ಟು ಬೇಕಾಗಿದ್ದುದೇ.

ಇಲ್ಲಿ ಇತಿಹಾಸಕಾರನು ಕೇಳಬೇಕಾದ ಪ್ರಶ್ನೆಯೊಂದು ಏಳುತ್ತದೆ. ಟಿ-1 ಮಾರ್ಗ 1962ರಲ್ಲಿಯೇ ಸಿದ್ಧವಾಗಿದ್ದರೂ ಸಾಮಾನ್ಯ ಗ್ರಾಹಕರು ಅದನ್ನು ದರಪಟ್ಟಿಯ ಪ್ರಕಾರ ಬಾಡಿಗೆಗೆ ಪಡೆಯುವಂತಾದುದು 1980ರ ದಶಕದ ಮೊದಲ ವರ್ಷಗಳಲ್ಲಿ. ಸುಮಾರು ಎರಡು ದಶಕಗಳ ಈ ಅಂತರ ಕೇವಲ ತಾಂತ್ರಿಕ ಕಾರಣಗಳಿಂದ ಉಂಟಾದುದೆಂದು ಹೇಳಲಾಗದು. ತಂತಿಯ ಒಡೆತನ ಬಹುಮಟ್ಟಿಗೆ ಒಂದೇ ಕಂಪನಿಯ ಕೈಯಲ್ಲಿತ್ತು. ಆ ಹಿಡಿತ ಹಂತಹಂತವಾಗಿ ಸಡಿಲವಾಯಿತು. ದೊಡ್ಡ ಸಂಸ್ಥೆಗಳು ತಮ್ಮದೇ ಮೈಕ್ರೋವೇವ್ ಮಾರ್ಗ ನಿರ್ಮಿಸಿಕೊಳ್ಳಲು ಅಮೆರಿಕದ ಸಂಪರ್ಕ ಆಯೋಗ 1959ರಲ್ಲಿ ಅವಕಾಶವಿತ್ತಿತು. ಕಂಪನಿ 1961ರಲ್ಲಿ ಹಲವು ಮಾರ್ಗಗಳನ್ನು ಒಟ್ಟಿಗೆ ಪಡೆಯುವವರಿಗೆ ಟೆಲ್‌ಪ್ಯಾಕ್ ಎಂಬ ರಿಯಾಯಿತಿ ದರವನ್ನು ಘೋಷಿಸಿ ಇದಕ್ಕೆ ಉತ್ತರ ಕೊಟ್ಟಿತು. ಆರ್ಪಾನೆಟ್ಟಿನ ಮೊದಲ ಸಂದೇಶ ಹೋದ 1969ರಲ್ಲಿಯೇ, ಷಿಕಾಗೋ ಮತ್ತು ಸೇಂಟ್ ಲೂಯಿಗಳ ನಡುವೆ ಖಾಸಗಿ ಮಾರ್ಗಗಳನ್ನು ಒದಗಿಸಲು ಎಂ.ಸಿ.ಐ. ಎಂಬ ಹೊಸ ಕಂಪನಿಗೆ ಅನುಮತಿ ದೊರೆಯಿತು. ಬಾಡಿಗೆಗೆ ಪಡೆದ ಮಾರ್ಗವನ್ನು ಇನ್ನೊಬ್ಬರಿಗೆ ಕೊಡಬಾರದೆಂಬ ನಿರ್ಬಂಧವನ್ನು, ಎಂದರೆ ಒಳಗೇಣಿಯ ನಿಷೇಧವನ್ನು, ಆಯೋಗ 1976ರಲ್ಲಿ ತೆಗೆದುಹಾಕಿತು. 1984ರ ಜನವರಿ 1ರಂದು ಎ.ಟಿ. ಅಂಡ್ ಟಿ. ವಿಭಜನೆಯಾಯಿತು.

ಇದರ ಫಲ ಅಲ್ಪಕಾಲದಲ್ಲಿಯೇ ಕಂಡುಬಂದಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಜಾಲ 1986ರಲ್ಲಿ ಆರಂಭವಾದಾಗ ಅದರ ಬೆನ್ನೆಲುಬಿನ ಮಾರ್ಗಗಳು 56 ಕಿಲೋಬಿಟ್ಟಿನವು. 1988ರಲ್ಲಿ ಅವು ಟಿ-1 ವೇಗಕ್ಕೆ ಏರಿದವು. ಆ ಕಾರ್ಯದಲ್ಲಿ ಮಿಷಿಗನ್ನಿನ ಮೆರಿಟ್ ಸಂಸ್ಥೆಯೂ ಐ.ಬಿ.ಎಂ. ಕಂಪನಿಯೂ ಪಾಲುಗೊಂಡಿದ್ದವು, ಮಾರ್ಗಗಳನ್ನು ಒದಗಿಸಿದುದು, 1969ರಲ್ಲಿ ಅನುಮತಿ ಪಡೆದ ಅದೇ ಎಂ.ಸಿ.ಐ. ಹೀಗೆ ಸಂಪರ್ಕ ಆಯೋಗದ ತೀರ್ಪುಗಳಿಗೂ ವಿಶ್ವವಿದ್ಯಾನಿಲಯಗಳ ಜಾಲಕ್ಕೂ ನೇರವಾದ ಸಂಬಂಧವಿದೆ. ಜಾಲದ ಇತಿಹಾಸವನ್ನು ಪ್ರಯೋಗಶಾಲೆಯ ಕಡೆಯಿಂದ ಮಾತ್ರ ಬರೆದಾಗ ಈ ಸಂಬಂಧ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪ ಬರಬಹುದು. ತಂತಿಯೇ ಕಾರಣವಾಗಿದ್ದರೆ, ತಂತಿಯಿದ್ದ ದೂರವಾಣಿ ಕಂಪನಿಯೇ ಇಂಟರ್ನೆಟ್ಟನ್ನು ಏಕೆ ನಿರ್ಮಿಸಲಿಲ್ಲ? ಈ ಆಕ್ಷೇಪ ನ್ಯಾಯವಾದುದು. ಅದಕ್ಕೆ ನಮ್ಮ ಉತ್ತರವೂ ಸರಳ: ತಂತಿಯೊಂದೇ ಸಾಕೆಂದು ನಾವು ಹೇಳುವುದಿಲ್ಲ. ಒಡೆಯನಿಗೆ ಹೊಳೆಯದ ಉಪಯೋಗ ಒಕ್ಕಲಿಗೆ ಹೊಳೆಯಿತು. ಆ ಪ್ರತಿಭೆಗೆ ಹಾಫ್ನರ್, ಲೈಯನ್ ಮತ್ತು ಅಬ್ಬಾಟೆಯವರು ಸಲ್ಲಿಸಿರುವ ಗೌರವ ಯೋಗ್ಯವಾದುದೇ. ಆದರೆ ಒಕ್ಕಲಿನ ಬುದ್ಧಿಯನ್ನು ಹೊಗಳುವಾಗ ಗೇಣಿಯ ಪತ್ರವನ್ನೂ ಓದಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

ಈ ಪ್ರಶ್ನೆ ಅಮೆರಿಕಕ್ಕೆ ಸೀಮಿತವಾದುದಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದ ಬೆಳವಣಿಗೆಗೆ ಹವೆ, ಎಂಜಿನಿಯರಿಂಗ್ ಕಾಲೇಜುಗಳು, ಸರ್ಕಾರೀ ಕಾರ್ಖಾನೆಗಳು ಎಂಬ ಕಾರಣಗಳನ್ನು ಕೊಡುವುದು ವಾಡಿಕೆ. ಇವು ಸುಳ್ಳಲ್ಲ, ಆದರೆ ಇವೆಲ್ಲವೂ 1985ಕ್ಕೆ ಮುಂಚೆಯೂ ಇದ್ದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಆ ವರ್ಷ ಬೆಂಗಳೂರಿಗೆ ಬಂದು, ಇಲ್ಲಿಯ ಕೆಲಸವನ್ನು ಅಮೆರಿಕಕ್ಕೆ ಕಳುಹಿಸಲು ಉಪಗ್ರಹದ ಮೂಲಕ ತನಗೇ ಮೀಸಲಾದ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ಅಲ್ಲಿಯವರೆಗೆ ಕೆಲಸವಿದ್ದ ಕಡೆಗೆ ಎಂಜಿನಿಯರು ಹೋಗಬೇಕಾಗಿತ್ತು. ಮೀಸಲು ಮಾರ್ಗದಿಂದ ಎಂಜಿನಿಯರಿದ್ದ ಕಡೆಗೆ ಕೆಲಸ ಬರುವಂತಾಯಿತು. ಕೇಂದ್ರ ಸರ್ಕಾರ 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆಯನ್ನು ಸ್ಥಾಪಿಸಿದಾಗ, ತಮ್ಮದೇ ಭೂಕೇಂದ್ರ ನಿರ್ಮಿಸಿಕೊಳ್ಳಲಾರದ ಸಣ್ಣ ಕಂಪನಿಗಳಿಗೂ ಅಂಥ ಮಾರ್ಗ ಬಾಡಿಗೆಗೆ ದೊರೆಯತೊಡಗಿತು. ಸಾರ್ವಜನಿಕರಿಗಾದರೋ ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಇಂಟರ್ನೆಟ್ ಒದಗಿಸಿತು. ಖಾಸಗಿಯವರಿಗೆ ಆ ಸೇವೆ ತೆರೆದುದು 1998ರಲ್ಲಿ. ರಫ್ತಿನ ಉದ್ಯಮಕ್ಕೆ ಮಾರ್ಗ ದೊರೆತುದಕ್ಕೂ ಜನಸಾಮಾನ್ಯರಿಗೂ ಕಾಲೇಜುಗಳಿಗೂ ದೊರೆತುದಕ್ಕೂ ನಡುವೆ ಇರುವ ಈ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆಧುನಿಕ ಬೆಂಗಳೂರಿನ ಇತಿಹಾಸವನ್ನು ಬರೆಯಲಾಗದು.

ಈಗ ತಾಮ್ರದ ತಂತಿಯ ಸ್ಥಾನವನ್ನು ಬಹುಮಟ್ಟಿಗೆ ಗಾಜಿನೆಳೆಯ ಕೇಬಲ್ಲುಗಳು ಪಡೆದಿವೆ. 2010ರಲ್ಲಿ ಅನುಮೋದನೆ ಪಡೆದ ರಾಷ್ಟ್ರೀಯ ಜ್ಞಾನಜಾಲ ನಮ್ಮ ವಿಶ್ವವಿದ್ಯಾನಿಲಯಗಳನ್ನೂ ಸಂಶೋಧನ ಸಂಸ್ಥೆಗಳನ್ನೂ ಜೋಡಿಸಿದುದು ಅಂಥ ಮಾರ್ಗಗಳ ಮೂಲಕ. ಅವು ಸಹ ದೂರಸಂಪರ್ಕ, ವಿದ್ಯುತ್ತು ಮತ್ತು ರೈಲ್ವೆಗಳಿಗೆ ಸೇರಿದ ಸರ್ಕಾರೀ ಸಂಸ್ಥೆಗಳಿಂದ ಬಂದವು. ಜಾಲಕ್ಕೆ ಒಡೆಯನಿಲ್ಲವೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ನಿಯಮಾವಳಿಗೆ ಒಡೆಯನಿಲ್ಲವೆಂಬುದು ನಿಜ, ಮಾರ್ಗಕ್ಕೆ ಒಡೆಯನಿದ್ದಾನೆ. ಇವೆರಡನ್ನು ಬೇರ್ಪಡಿಸಿ ತಿಳಿಯದವರಿಗೆ ತಮ್ಮ ಊರಿನ ಕಾಲೇಜಿಗೆ ಮಾರ್ಗ ಏಕೆ ತಡವಾಗಿ ಬಂದಿತೆಂದು ಕೇಳುವ ಬಗೆಯೇ ತಿಳಿಯುವುದಿಲ್ಲ.

ಕೊನೆಯದಾಗಿ ಆಕರಗಳ ಮಾತು. ಅಮೆರಿಕದ ಆಯೋಗದ ತೀರ್ಪುಗಳು ಅಚ್ಚಾಗಿವೆ, ಬೇಕಾದವರು ಓದಬಹುದು. ನಮ್ಮಲ್ಲಿ ದರಪಟ್ಟಿಗಳು, ಎಕ್ಸ್‌ಚೇಂಜುಗಳ ಮಾರ್ಗದ ದಾಖಲೆಗಳು, ನೆಲದಡಿಯ ಕೇಬಲ್ಲುಗಳ ನಕ್ಷೆಗಳು ಇಂಥವನ್ನು ಇತಿಹಾಸದ ಆಕರಗಳೆಂದು ಭಾವಿಸುವ ಅಭ್ಯಾಸ ಇನ್ನೂ ಬೆಳೆದಿಲ್ಲ. 2020ರ ಜನವರಿ ಅಂತ್ಯದಲ್ಲಿ ಭಾರತ ಸಂಚಾರ ನಿಗಮದ ಸುಮಾರು 78 ಸಾವಿರ ನೌಕರರು ಸ್ವಯಂನಿವೃತ್ತಿ ಪಡೆದರು. ಯಾವ ಬೀದಿಯ ಕೆಳಗೆ ಯಾವ ಕೇಬಲ್ ಹೋಗಿದೆ, ಮೊದಲ ಲೀಸ್ಡ್ ಲೈನನ್ನು ಯಾವ ಕಚೇರಿಗೆ ಎಳೆದರು ಎಂಬುದನ್ನು ಕಣ್ಣಾರೆ ಕಂಡವರು ಅವರಲ್ಲಿ ಎಷ್ಟೋ ಮಂದಿ. ಅವರು ಪ್ರತಿ ತಾಲ್ಲೂಕಿನಲ್ಲಿಯೂ ಸಿಕ್ಕುವರು. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯವನ್ನು ಹುಡುಕುವಾಗ ಅವರ ಬಳಿಗೆ ಹೋಗಿ, ಅವರು ಹೇಳಿದುದನ್ನು ಬರೆದುಕೊಂಡು, ಉಳಿದಿರುವ ಕಾಗದಪತ್ರಗಳೊಡನೆ ಹೋಲಿಸಿ ನೋಡಬೇಕು. ಮೇಲೆ ಹೇಳಿದ ಎರಡು ಗ್ರಂಥಗಳು ಬಿಟ್ಟಿರುವ ಭಾಗವನ್ನು ನಮ್ಮ ನಾಡಿನ ಮಟ್ಟಿಗಾದರೂ ತುಂಬಲು ಇದಕ್ಕಿಂತ ಬೇರೆ ದಾರಿಯಿಲ್ಲ. ಆ ಕೆಲಸ ತಡವಾದಷ್ಟೂ ಆಕರಗಳು ಕಡಿಮೆಯಾಗುತ್ತ ಹೋಗುತ್ತವೆ.